ಪಾವಗಡದ ಮೆರವಣಿಗೆ

ನಮ್ಮ ಮನೆಯಲ್ಲಿ ಹಾಲು ಕುಡಿಯುವ ಹಕ್ಕು ಇದ್ದದ್ದು ಒಬ್ಬನಿಗೆ ಮಾತ್ರ. ಹಿತ್ತಿಲ ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಹಸು ಇದ್ದವು. ಅವ್ವ ಕರೆದು ತಂದ ಹಾಲು ನೊರೆ ಆರುವ ಮೊದಲೇ ತಂಬಿಗೆಯ ಸಮೇತ ಚಿಕ್ಕಪ್ಪನ ಕೋಣೆ ಸೇರುತ್ತಿತ್ತು. ಉಳಿದವರಿಗೆ ಮಜ್ಜಿಗೆ, ಅದರಲ್ಲೂ ನೀರಿನ ಪಾಲೇ ಹೆಚ್ಚು. ಬೆಣ್ಣೆ ತೆಗೆದ ದಿನ ಕಡೆಗೋಲಿಗೆ ಅಂಟಿಕೊಂಡದ್ದನ್ನು ಅವ್ವ ಬೆರಳಲ್ಲಿ ಬಳಿದು ನನ್ನ ಬಾಯಿಗೆ ಇಡುತ್ತಿದ್ದಳು. ಇಟ್ಟು, ಅಪ್ಪಯ್ಯ ನೋಡಿದರೋ ಎಂದು ನಡುಮನೆಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ನೆನೆಹಾಕಿದ ಬಾದಾಮಿಯನ್ನು ಬೆಳಿಗ್ಗೆ ಸುಲಿಯುವುದು ನನ್ನ ಕೆಲಸವಾಗಿತ್ತು. ಒಂದು ಬಾದಾಮಿಯೂ ನನ್ನ ಬಾಯಿಗೆ ಹೋಗುವಂತಿರಲಿಲ್ಲ, ಆದರೆ ಸಿಪ್ಪೆಯನ್ನು ಯಾರೂ ಕೇಳುತ್ತಿರಲಿಲ್ಲ. ಹೀಗಾಗಿ ಬಾದಾಮಿಯ ರುಚಿ ಬಹಳ ವರ್ಷ ನನಗೆ ಸಿಪ್ಪೆಯ ರುಚಿಯೇ ಆಗಿತ್ತು. ಇದನ್ನು ದೂರು ಎಂದು ಹೇಳುತ್ತಿಲ್ಲ. ಆ ಹಾಲು, ಆ ಬಾದಾಮಿ ಚಿಕ್ಕಪ್ಪನ ತೋಳಿಗೆ ಹೋಗುವುದನ್ನು ನಾನು ಕಣ್ಣಾರೆ ಕಾಣುತ್ತಿದ್ದೆ. ಆ ತೋಳಿಗೆ ಜೋತುಬಿದ್ದು ಉಯ್ಯಾಲೆ ಆಡುತ್ತಿದ್ದವಳೂ ನಾನೇ.

ಮನೆ ಇದ್ದದ್ದು ಮಧುಗಿರಿಯ ಬೆಟ್ಟದ ಬುಡದಲ್ಲಿ, ಕೋಟೆ ಬಾಗಿಲಿಗೆ ನಾಲ್ಕು ಹೆಜ್ಜೆ ದೂರ. ಹಗಲೆಲ್ಲ ಕಾದ ಬಂಡೆ ಸಂಜೆ ಹೊತ್ತಿಗೆ ತನ್ನ ಕಾವನ್ನು ನಮ್ಮ ಹಿತ್ತಿಲಿಗೆ ಇಳಿಸುತ್ತಿತ್ತು. ಬೀದಿಗೆ ಜಗಲಿ, ಒಳಗೆ ಪಡಸಾಲೆ, ನಡುಮನೆ, ಅಜ್ಜಿ ಲಿಂಗಪೂಜೆ ಮಾಡುವ ಮೂಲೆ, ಹೊಗೆ ಹಿಡಿದ ಅಡುಗೆಮನೆ. ಪಡಸಾಲೆಯ ಬಲಗಡೆ ಚಿಕ್ಕಪ್ಪನ ಸಾಮಿನ ಕೋಣೆ. ಅಲ್ಲಿ ಗದೆ, ಕಲ್ಲುಗುಂಡು, ಎಣ್ಣೆಯ ಬಟ್ಟಲು, ಗೋಡೆಗೆ ಆಂಜನೇಯನ ಪಟ. ಅಪ್ಪಯ್ಯನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಪರದೇಶಿ ಬಟ್ಟೆ ಮಾರುವುದಿಲ್ಲವೆಂದು ಅವರು ಖಾದಿ ತಂದು ತುಂಬಿದ್ದರು, ಬಿಳಿ ಟೋಪಿ ಹಾಕುತ್ತಿದ್ದರು, ಸಂಜೆ ಜಗಲಿಯ ಮೇಲೆ ಕೂತು ಪೇಪರನ್ನು ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದರು. ತಮ್ಮ ರುದ್ರಪ್ಪನನ್ನು ಸಾಕಿ ಬೆಳೆಸಿದವರೂ ಅವರೇ. ತಾತ ತೀರಿಹೋದಾಗ ಚಿಕ್ಕಪ್ಪನಿಗೆ ಆರು ವರ್ಷವಂತೆ. ಅಣ್ಣನ ಮುಂದೆ ಅವನು ಎದುರುತ್ತರ ಕೊಟ್ಟದ್ದನ್ನು ನಾನು ಕಂಡೇ ಇಲ್ಲ.

ಗರಡಿಗೆ ಹೆಂಗಸರು ಹೋಗುವಂತಿರಲಿಲ್ಲ. ಆದರೆ ಗರಡಿಯ ಕಟ್ಟಳೆಗಳು ನಮ್ಮ ಅಡುಗೆಮನೆಯವರೆಗೂ ಬಂದು ಕೂತಿದ್ದವು. ಕುಸ್ತಿಯ ದಿನ ಗೊತ್ತಾದ ಮೇಲೆ ಮನೆಯಲ್ಲಿ ಯಾರೂ ಅಳಬಾರದು. ಪೈಲ್ವಾನನ ಎಲೆಗೆ ಮಿಕ್ಕಿದ ಸಾರು ಬಡಿಸಬಾರದು. ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿದ ಗರಡಿಯ ಕೆಮ್ಮಣ್ಣು ದೇವರ ಸಮಾನ. ಅಂಗ ಊನವಾದವನು ಅದನ್ನು ಮೆಟ್ಟಬಾರದು. ಕೈಬೆರಳು ಕತ್ತರಿಸಿಹೋದ ಒಬ್ಬ ಒಳ್ಳೆಯ ಜಟ್ಟಿ ನಮ್ಮ ಗರಡಿಯ ಹೊಸ್ತಿಲ ಹೊರಗೇ ಕೂತು ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದುದು ನನಗೆ ನೆನಪಿದೆ. ಇವೆಲ್ಲ ನಮಗೆ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಚಿಕ್ಕಪ್ಪನ ಮೈ ಅವನೊಬ್ಬನದಲ್ಲ ಎಂದು ಅಪ್ಪಯ್ಯ ಹೇಳುತ್ತಿದ್ದರು. ಮೊದಲು ಅದು ನಮ್ಮ ಬೀದಿಯ ಮೈ ಆಗಿತ್ತು. ಮೈಸೂರಿನಲ್ಲಿ ದಸರಾ ಕುಸ್ತಿ ಗೆದ್ದು ಬಂದ ಮೇಲೆ ನಮ್ಮ ಸೀಮೆಯ ಮೈ ಆಯಿತು. ಆಮೇಲೆ ದೇಶದ್ದಾಯಿತು.

ಅದು ಆದದ್ದು ಹೀಗೆ. ಬೆಂಗಳೂರಿನ ದಂಡಿನಲ್ಲಿ ಒಬ್ಬ ಬಿಳಿಯ ಸೋಲ್ಜರ ಇದ್ದನಂತೆ. ಎದುರು ನಿಂತ ನಮ್ಮ ಜಟ್ಟಿಗಳನ್ನೆಲ್ಲ ಒಬ್ಬೊಬ್ಬರಾಗಿ ಚಿತ್ ಮಾಡಿದ್ದನಂತೆ. ಈ ದೇಶದಲ್ಲಿ ಗಂಡಸರೇ ಇಲ್ಲವೆಂದು ಅವನ ಕಡೆಯವರು ನಕ್ಕರು ಎಂಬ ಸುದ್ದಿ ತುಮಕೂರು ದಾಟಿ ನಮ್ಮ ಜಗಲಿಗೆ ಬಂತು. ನಕ್ಕರೋ ಇಲ್ಲವೋ ಈಗ ಯಾರು ಹೇಳಬಲ್ಲರು? ಅಪ್ಪಯ್ಯನಿಗಂತೂ ಅಷ್ಟು ಸಾಕಾಯಿತು, ಆ ಸೋಲ್ಜರನ ಜೊತೆ ಚಿಕ್ಕಪ್ಪನ ಕುಸ್ತಿ ಗೊತ್ತುಮಾಡಿದರು. ಚಿಕ್ಕಪ್ಪನಿಗೆ ಪಟ್ಟು ಕಲಿಸಿದ ಸಿರಾದ ಉಸ್ತಾದರನ್ನು ಕರೆಸಿದರು. ಮೂರು ತಿಂಗಳು ಆ ಮುದುಕರು ಗರಡಿಯಲ್ಲೇ ಉಳಿದರು. ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಬಿದ್ದು ಮೊಣಕಾಲು ತರಚಿಕೊಂಡಾಗಲೂ ನಾನು ಅವ್ವನ ಹತ್ತಿರ ಓಡಿಹೋಗಿ ಅವಳ ಸೆರಗನ್ನು ಬಾಯಿಗೆ ತುರುಕಿಕೊಂಡದ್ದುಂಟು. ಅಪ್ಪಯ್ಯ, ಉಸ್ತಾದರು, ಚಿಕ್ಕಪ್ಪ ಮೂವರೂ ಬೆಂಗಳೂರಿಗೆ ಹೋದರು. ಚಿಕ್ಕಪ್ಪ ಗೆದ್ದ. ಸುದ್ದಿ ಅವರಿಗಿಂತ ಮುಂಚೆ ಊರು ಸೇರಿತ್ತು. ಮೋಟಾರು ಬರುವ ಹೊತ್ತಿಗೆ ಮಧುಗಿರಿಯ ಪೇಟೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಪ್ಪ ಇಳಿದಾಗ ತಲೆಗೆ ದೊಡ್ಡ ರುಮಾಲು ಇತ್ತು. ಅದು ಎಡಗಡೆಗೆ ಓರೆಯಾಗಿ ಹುಬ್ಬು ಮುಚ್ಚಿ, ಕಣ್ಣನ್ನೂ ಮುಚ್ಚಿ ಇಳಿದಿತ್ತು. ಗೆದ್ದವನ ಠೀವಿ ಅದು ಎಂದು ಜನ ತಿಳಿದರು. ನಾನೂ ಹಾಗೇ ತಿಳಿದೆ.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅವ್ವ ಆರತಿ ತಟ್ಟೆಯನ್ನು ಕೆಳಗಿಟ್ಟು ರುಮಾಲಿನ ಅಂಚು ಎತ್ತಿದಳು. ಅವಳ ಕೂಗು ಹೊರಗೆ ಬರುವುದರೊಳಗೆ ಅಪ್ಪಯ್ಯನ ಕೈ ಅವಳ ಬಾಯಿ ಮುಚ್ಚಿತ್ತು. ಎಡಗಣ್ಣು ಊದಿ ಮುಚ್ಚಿಕೊಂಡಿತ್ತು, ಸಂದಿಯಿಂದ ನೀರೂ ರಕ್ತವೂ ಒಸರುತ್ತಿತ್ತು. ಹಿಡಿತ ಬಿಡಿಸಿಕೊಳ್ಳುವ ಭರದಲ್ಲಿ ಸೋಲ್ಜರನ ಹೆಬ್ಬೆರಳಿನ ಉಗುರು ಕಣ್ಣಾಲಿಗೆ ಇಳಿದಿತ್ತು. ಆ ನೋವಿನಲ್ಲೇ ಚಿಕ್ಕಪ್ಪ ಅವನನ್ನು ಎತ್ತಿ ಒಗೆದಿದ್ದ.

“ಗೌರಿ, ನೀನು ಏನೂ ನೋಡಿಲ್ಲ. ಯಾರು ಕೇಳಿದ್ರೂ ಏನೂ ಆಗಿಲ್ಲ ಅನ್ನು,” ಎಂದರು ಅಪ್ಪಯ್ಯ.

ನನಗೆ ಆಗ ಒಂಬತ್ತು ವರ್ಷ. ದೊಡ್ಡವರು ಗುಟ್ಟೊಂದನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಎರಡು ದಿನ ನಂದಿಬಟ್ಟಲು ಹೂವಿನ ರಸ ಹಿಂಡಿದ್ದಾಯಿತು. ಊತ ಇಳಿಯಲಿಲ್ಲ. ಮೂರನೇ ದಿನ ಅವ್ವ ಒಲೆ ಹಚ್ಚುವುದಿಲ್ಲವೆಂದು ಅಡುಗೆಮನೆಯ ಬಾಗಿಲಲ್ಲಿ ಕೂತುಬಿಟ್ಟಳು. ಅವಳು ಹಟ ಹಿಡಿದದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಕೊನೆಗೆ ಅಜ್ಜಿಗೆ ಕೆಮ್ಮು ಎಂದು ಹೇಳಿ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಮನೆಗೆ ಕರೆಸಿದರು. ಅವರು ಬೀದಿ ದಾಟಿ ಬರುವಷ್ಟು ಹೊತ್ತೂ ಅಜ್ಜಿ ಜಗಲಿಗೆ ಕೇಳುವಂತೆ ಕೆಮ್ಮಬೇಕಾಯಿತು. ಪಾಪ, ಸುಳ್ಳು ಕೆಮ್ಮು ಕೆಮ್ಮಿ ಕೆಮ್ಮಿ ಅವಳಿಗೆ ನಿಜವಾಗಿಯೂ ಗಂಟಲು ಕಟ್ಟಿತು. ಡಾಕ್ಟರು ಕಿಟಕಿಯ ಬೆಳಕಿಗೆ ಚಿಕ್ಕಪ್ಪನ ಮುಖ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೈ ತೊಳೆದುಕೊಂಡು ಅಪ್ಪಯ್ಯನಿಗೆ ಹೇಳಿದರು.

“ನೋಡಿ ಯಜಮಾನ್ರೆ, ಈ ಕಣ್ಣು ಹೋಯಿತು, ಅದು ಬರೋದಿಲ್ಲ. ಬೆಂಗಳೂರಿಗೆ ಕರ್ಕೊಂಡು ಹೋಗಿ ಇದನ್ನ ತೆಗೆಸಿಬಿಡಿ. ಹದಿನೈದು ದಿನದೊಳಗೆ ಆಗಬೇಕು. ಗಾಯ ಆದ ಕಣ್ಣು ಹಾಗೇ ಉಳಿದ್ರೆ ಒಳ್ಳೆ ಕಣ್ಣೂ ಕೆಡಬಹುದು. ಎರಡೂ ಒಡಹುಟ್ಟಿದವು ಇದ್ದ ಹಾಗೆ, ಒಂದರ ನೋವನ್ನ ಇನ್ನೊಂದು ಹಚ್ಚಿಕೊಳ್ಳುತ್ತೆ.”

“ಕೆಟ್ಟೇ ಕೆಡ್ತದಾ ಸ್ವಾಮಿ?”

“ಕೆಡದೇ ಇರಬಹುದು. ಕೆಟ್ಟರೆ ಮಾತ್ರ ಆಮೇಲೆ ನಾವೇನೂ ಮಾಡೋಕಾಗಲ್ಲ.”

ಅಪ್ಪಯ್ಯ ಹಿಡಿದುಕೊಂಡದ್ದು ಆ ‘ಕೆಡದೇ ಇರಬಹುದು’ ಎಂಬ ಮಾತನ್ನು. ಆ ಹೊತ್ತಿಗಾಗಲೇ ಕೊರಟಗೆರೆಯವರು ಬಂದು ವೀಳ್ಯ ಕೊಟ್ಟು ಹೋಗಿದ್ದರು, ಸಿರಾದವರು ಹೇಳಿಕಳಿಸಿದ್ದರು, ಪಾವಗಡದಿಂದ ಕಾಗದ ಬಂದಿತ್ತು. ಎಲ್ಲರಿಗೂ ಪೈಲ್ವಾನನ ಮೆರವಣಿಗೆ ಬೇಕಿತ್ತು. ಆ ದಿನದ ಜಗಳ ನನ್ನ ಕಿವಿಯಲ್ಲಿ ಇನ್ನೂ ಇದೆ. ಅವ್ವ ಮುದ್ದೆ ತಿರುವುವ ಕೋಲನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

“ಗೆದ್ದಿದ್ದು ಗೆದ್ದಾಗೈತೆ. ಕಣ್ಣು ತೆಗೆಸಿದ್ರೆ ಗೆದ್ದಿದ್ದು ಸುಳ್ಳಾಗ್ತದಾ?”

“ಆಗ್ತದೆ ಕಣೇ! ಬಿಳಿಯೋನು ಬೆನ್ನು ಕೊಡವ್ಕೊಂಡು ಎದ್ದು ಹೋದ, ನಮ್ಮೋನು ಒಂದು ಕಣ್ಣು ಕೊಟ್ಟು ಬಂದ ಅಂದ್ರೆ ಸೋತೋನು ಯಾರು? ಜನ ಏನಂತಾರೆ?”

“ಜನ ಅವನಿಗೆ ಕಣ್ಣು ತಂದ್ಕೊಡ್ತಾರಾ?”

“ಕಣ್ಣು ಕಿತ್ತ ಮೇಲೆ ಗರಡಿಗೆ ಇಳಿಯಂಗಿಲ್ಲ. ಮೈಸೂರಿಗೆ ಹೋಗಂಗಿಲ್ಲ. ಆಮೇಲೆ ಅವನ್ಗೆ ಏನಿರ್ತದೆ ಹೇಳು?”

ಅವ್ವ ಕೋಲು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಅವಳು ಮತ್ತೇನು ಹೇಳಿದ್ದರೂ ಅಪ್ಪಯ್ಯ ಕೇಳುತ್ತಿರಲಿಲ್ಲ. ಅಪ್ಪಯ್ಯನನ್ನು ಕೆಟ್ಟವರು ಎಂದು ಬರೆದು ಕೈ ತೊಳೆದುಕೊಳ್ಳುವುದು ನನಗೆ ಸುಲಭ, ಆದರೆ ಅದು ನಿಜವಲ್ಲ. ತಮ್ಮನ ಹಾಸಿಗೆಯ ಪಕ್ಕ ಕೂತು ಬಟ್ಟೆ ಒದ್ದೆ ಮಾಡಿ ಮಾಡಿ ಆ ಕಣ್ಣು ಒರೆಸುತ್ತಿದ್ದವರು ಅವರೇ. ಅವರ ಲೆಕ್ಕದಲ್ಲಿ ಮೆರವಣಿಗೆಗಳು ಬೇಗ ಮುಗಿದುಬಿಡುತ್ತವೆ, ಆಮೇಲೆ ಗುಟ್ಟಾಗಿ ಬೆಂಗಳೂರಿಗೆ ಹೋಗಿಬರಬಹುದು, ಅಷ್ಟರಲ್ಲಿ ದೇವರು ಕಣ್ಣು ಬಿಟ್ಟರೂ ಬಿಡಬಹುದು. ಚಿಕ್ಕಪ್ಪ ಗೋಡೆಗೆ ಒರಗಿ ಕೂತಿದ್ದ. ಒಂದು ಮಾತೂ ಆಡಲಿಲ್ಲ. ಅಣ್ಣ ಹೇಳಿದ ಹಾಗೆ ಕೇಳುವವನು ಎಂದು ನಾವೆಲ್ಲ ಆ ಮೌನಕ್ಕೆ ಅರ್ಥ ಹಚ್ಚಿದೆವು.

ಮಧುಗಿರಿಯ ಮೆರವಣಿಗೆ, ಆಮೇಲೆ ಕೊರಟಗೆರೆಯದು. ಎತ್ತಿನ ಗಾಡಿಗೆ ಮಾವಿನ ಸೊಪ್ಪು, ಬಾಳೆಕಂದು ಕಟ್ಟಿ ಅದರ ಮೇಲೆ ಚಿಕ್ಕಪ್ಪನನ್ನು ಕೂರಿಸುತ್ತಿದ್ದರು. ಅವನ ಎಡಗಡೆ ನಾನು. ಪೈಲ್ವಾನನಿಗೆ ಅಣ್ಣನ ಮಗಳ ಮೇಲೆ ಪ್ರೀತಿ ಎಂದು ಜನ ಅಂದುಕೊಂಡರು. ನಿಜವಾದ ಕೆಲಸ ಬೇರೆ ಇತ್ತು. ಎಡಗಡೆಯಿಂದ ಯಾರಾದರೂ ಹಾರ ಹಿಡಿದು ಬಂದರೆ ನಾನು ಅವನ ಮೊಣಕಾಲನ್ನು ಒಂದು ಸಲ ಒತ್ತಬೇಕು, ಅವನು ಆ ಕಡೆ ತಿರುಗಿ ಬಗ್ಗುತ್ತಿದ್ದ. ಹಿರಿಯರು ಬಂದರೆ ಎರಡು ಸಲ, ಅವನು ಕೈ ಮುಗಿಯುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ. ರುಮಾಲಿನ ಕೆಳಗಿನಿಂದ ಇಳಿದ ನೀರನ್ನು ಬೆವರು ಎಂಬಂತೆ ಒರೆಸುವುದೂ ನನ್ನ ಪಾಲಿಗೆ ಬಂತು. ಮಧುಗಿರಿಯ ಹುಡುಗರೆಲ್ಲ ಅದೇ ವಾರ ರುಮಾಲನ್ನು ಎಡಗಡೆಗೆ ಓರೆಮಾಡಿ ಕಣ್ಣು ಮುಚ್ಚುವಂತೆ ಸುತ್ತಿಕೊಂಡು ತಿರುಗತೊಡಗಿದರು. ಅದಕ್ಕೆ ಪೈಲ್ವಾನ್ ರುಮಾಲು ಎಂಬ ಹೆಸರೂ ಬಿತ್ತು. ಒಂದೇ ಕಣ್ಣಲ್ಲಿ ನೋಡುತ್ತ ಚರಂಡಿಗೆ ಬಿದ್ದವರೂ ಇದ್ದರು. ಅವರನ್ನು ಕಂಡಾಗೆಲ್ಲ ಅವ್ವ ಒಳಗೆ ಹೋಗಿಬಿಡುತ್ತಿದ್ದಳು.

ಆದರೂ ಆ ಗಾಡಿಯ ಮೇಲೆ ಕಂಡದ್ದನ್ನು ಸುಳ್ಳೆನ್ನಲಾರೆ. ಒಬ್ಬರ ಕೈಯ ನೀರು ಒಬ್ಬರು ಮುಟ್ಟದ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ನೇಯುವವರು, ಚಪ್ಪಲಿ ಹೊಲಿಯುವವರು, ಜೋಯಿಸರು, ಸಾಬರು ಎಲ್ಲರ ಬಾಯಲ್ಲೂ ಒಂದೇ ಜೈಕಾರ. ಯಾರೋ ಒಬ್ಬ ಮುದುಕ ಚಿಕ್ಕಪ್ಪನ ಪಾದ ಹಿಡಿದು ಅತ್ತ. ಅಮಲ್ದಾರರ ಮುಂದೆ ಬಗ್ಗಿ ಬಗ್ಗಿ ಬೆನ್ನು ಗೂನಾದ ಮುದುಕ ಅವನು. ದೇಶ ಎನ್ನುವುದು ಅಪ್ಪಯ್ಯನ ಪೇಪರಿನಲ್ಲಿ ಇರುವ ಮಾತಲ್ಲ, ಹೀಗೆ ಬೆವರು ವಾಸನೆಯ ಜನ ಎಂದು ನನಗೆ ಗೊತ್ತಾದದ್ದು ಆಗಲೇ. ಅಂಥದ್ದನ್ನು ಒಂದು ಕಣ್ಣಿನ ಸಲುವಾಗಿ ನಿಲ್ಲಿಸುವುದು ಹೇಗೆ ಎಂದು ಒಂಬತ್ತು ವರ್ಷದವಳಿಗೂ ಅನ್ನಿಸಿತ್ತು.

ಸಿರಾದಲ್ಲಿ ಗುಟ್ಟು ಒಡೆಯಿತು. ಮೆರವಣಿಗೆ ಮುಗಿಸಿ ಉಸ್ತಾದರ ಮನೆಗೆ ಹೋದೆವು. ಬೆಂಗಳೂರಿನಿಂದ ನೇರ ಸಿರಾಕ್ಕೆ ಮರಳಿದ್ದ ಅವರನ್ನು, ಕುಸ್ತಿಯ ದಿನವೇ ದಂಡಿನ ಆಸ್ಪತ್ರೆಗೆ ತೋರಿಸಿದ್ದೇವೆ, ವಾಸಿಯಾಗುತ್ತದಂತೆ ಎಂದು ಅಪ್ಪಯ್ಯ ನಂಬಿಸಿದ್ದರು. ಶಿಷ್ಯನ ತಲೆ ಸವರಲು ಹೋದ ಮುದುಕರು ರುಮಾಲು ಸರಿಸಿ ನೋಡಿದರು. ರುಮಾಲಿನ ಅಂಚನ್ನು ಹಾಗೇ ಹಿಡಿದು ಅಪ್ಪಯ್ಯನ ಕಡೆ ತಿರುಗಿದರು.

“ಅರೆ ಅಣ್ಣಾವ್ರೆ, ಇದೇನು ಮಾಡ್ಬುಟ್ರಿ? ಸೋತು ಬಿದ್ದ ಆ ಗೋರಾನೇ ಎದ್ದು ಬಂದು ತನ್ನ ಕರವಸ್ತ್ರ ಕೊಟ್ಟು, ಆಸ್ಪತ್ರೆಗೆ ಕರ್ಕೊಂಡೋಗಿ ಅಂದ. ಪರದೇಶಿ ಬಟ್ಟೆ ಅಂತ ಅದ್ನ ನೀವು ಎಸೆದ್ರಿ. ಆಗ್ಲೇ ನಂಗೆ ಅನುಮಾನ ಬರ್ಬೇಕಿತ್ತು.”

“ಪಾವಗಡ ಒಂದು ಆಗ್ಲಿ ಉಸ್ತಾದ್. ಅಲ್ಲಿಂದ ನೆಟ್ಟಗೆ ಬೆಂಗಳೂರು,” ಎಂದರು ಅಪ್ಪಯ್ಯ.

“ಯಾರ ಇಜ್ಜತ್ತಿಗೆ ಪಾವಗಡ? ಬಸ್, ಸಾಕು. ನನ್ನ ಕುಸ್ತಿ ನಾನು ಗೆದ್ದೆ. ನನ್ನ ಹುಡುಗನ್ನ ನಂಗೆ ಕೊಡಿ, ನಾನು ಕರ್ಕೊಂಡೋಗ್ತೀನಿ. ಬೇಟಾ, ನೀನು ಹೇಳು. ಬರ್ತೀಯಾ?”

ಚಿಕ್ಕಪ್ಪ ತಲೆ ತಗ್ಗಿಸಿ ಕೂತ. ಮುದುಕರು ಎರಡು ಸಲ ಕೇಳಿದರು. ಅವನು ಬಾಯಿ ಬಿಡಲಿಲ್ಲ. ಉಸ್ತಾದರು ಎದ್ದು ಒಳಗೆ ಹೋದವರು ನಾವು ಹೊರಡುವಾಗಲೂ ಹೊರಗೆ ಬರಲಿಲ್ಲ.

ಪಾವಗಡದ ಮೆರವಣಿಗೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಗಡಿಯಾಚೆಯಿಂದ ಯಾರೋ ದೊಡ್ಡ ಮುಖಂಡರು ಬರುವವರಿದ್ದರು, ಅವರಿಗಾಗಿ ಕಾಯಬೇಕು ಎಂದು ದಿನ ದೂಡಿದರು. ಡಾಕ್ಟರು ಹೇಳಿದ ಹದಿನೈದು ದಿನ ಹಾಗೇ ಮುಗಿಯಿತು. ಪಾವಗಡ ಅವ್ವನ ತವರು. ಅಲ್ಲಿ ನನ್ನ ಅಮ್ಮಮ್ಮ ಇದ್ದಳು, ನನ್ನನ್ನು ಕಪ್ಪಿ ಎಂದು ಅಣಕಿಸುವ, ದೊಡ್ಡವ್ವನ ಮಕ್ಕಳಾದ ಇಬ್ಬರು ಅಕ್ಕಂದಿರಿದ್ದರು. ಅವರ ಮನೆಯ ಮುಂದೆ ನಾನು ಹಸಿರು ರೇಷ್ಮೆ ಲಂಗ ಉಟ್ಟು ಗಾಡಿಯ ಮೇಲೆ ಹಾದುಹೋಗುವುದನ್ನು ದಿನಕ್ಕೆ ಹತ್ತು ಸಲ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಲಂಗ ಹೊಲಿಸಿ ತಂದಾಗಿತ್ತು. ಹೊರಡಲು ಎರಡು ದಿನ ಇದ್ದಾಗ, ಬೆಳಿಗ್ಗೆ, ಚಿಕ್ಕಪ್ಪ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದ. ಅವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಾನು ನಂದಿಬಟ್ಟಲು ಬಿಡಿಸುತ್ತಿದ್ದೆ.

“ಗೌರಿ, ಬಾರವ್ವ ಇಲ್ಲಿ. ಈ ಬಲಗಣ್ಣು ನೋಡು. ಕೆಂಪಗೆ ಏನಾರ ಆಗೈತಾ?”

ಹತ್ತಿರ ಹೋಗಿ ನೋಡಿದೆ. ಕಪ್ಪುಗುಡ್ಡೆಯ ಸುತ್ತ ಸಣ್ಣ ಕೆಂಪು ಬಳೆಯ ಹಾಗೆ ರಕ್ತ ಕಟ್ಟಿತ್ತು. ಎಳೆಬಿಸಿಲಿಗೇ ಆ ಕಣ್ಣು ನೀರಾಡಿ ಕಿರಿದಾಗುತ್ತಿತ್ತು. ಡಾಕ್ಟರು ಹೇಳಿದ್ದು ನನಗೆ ಮರೆತಿರಲಿಲ್ಲ. ಮರೆತಿತ್ತು ಎಂದು ಈಗ ಬರೆದರೆ ಕೇಳುವವರು ಯಾರೂ ಇಲ್ಲ, ಆದರೆ ಮರೆತಿರಲಿಲ್ಲ.

“ಇಲ್ಲ ಚಿಗಪ್ಪ, ಏನೂ ಆಗಿಲ್ಲ. ಚೆನ್ನಾಗೇ ಐತೆ,” ಎಂದೆ.

“ಸರಿ ಬುಡು,” ಎಂದು ಅವನು ಎದ್ದುಹೋದ.

ಪಾವಗಡದಲ್ಲಿ ಸೇರಿದಷ್ಟು ಜನವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಕೋಟೆ ಬೆಟ್ಟದ ಬಂಡೆಗಳ ಮೇಲೆಲ್ಲ ತಲೆಗಳು. ಅಲ್ಲಿಯವರು ಕನ್ನಡದಲ್ಲಿ ಜೈ ಎಂದು ತೆಲುಗಿನಲ್ಲಿ “ಮನೋಡು! ಮನೋಡು!” ಎಂದು ಕೂಗುತ್ತಿದ್ದರು. ನಮ್ಮವನು, ನಮ್ಮವನು ಎಂದು. ಅಮ್ಮಮ್ಮನ ಬೀದಿಗೆ ಗಾಡಿ ತಿರುಗಿತು. ಅಕ್ಕಂದಿರಿಬ್ಬರೂ ಜಗಲಿಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಲಂಗದ ನಿರಿಗೆ ಸರಿಮಾಡಿಕೊಂಡು ಕತ್ತು ನೆಟ್ಟಗೆ ಮಾಡಿದೆ. ಅಷ್ಟರಲ್ಲಿ ಅಮ್ಮಮ್ಮ ಚೆಂಡುಹೂವಿನ ಹಾರ ಹಿಡಿದು ಗಾಡಿಯ ಬಲಗಡೆಗೆ ಬಂದಳು. ಬಲಗಡೆ ನನ್ನ ಪಾಲಿನದಲ್ಲ, ಆ ಕಡೆ ಚಿಕ್ಕಪ್ಪನೇ ನೋಡಿಕೊಳ್ಳುತ್ತಿದ್ದ. ಅವನು ಬಗ್ಗಲಿಲ್ಲ. ಅಮ್ಮಮ್ಮ ಕೈ ಎತ್ತಿ ಹಿಡಿದೇ ಇದ್ದಳು, “ನಾಯನಾ, ಇಟು ಚೂಡಪ್ಪಾ,” ಇತ್ತ ನೋಡಪ್ಪ, ಎಂದು ಕರೆದಳು. ಗದ್ದಲದಲ್ಲಿ ಅವನಿಗೆ ಅದು ಕೇಳಿಸಲಿಲ್ಲ. ಅವನು ನಗುತ್ತ ನೇರ ಮುಂದಕ್ಕೆ ಮುಖ ಮಾಡಿ ಕೂತಿದ್ದ. ಅವಳ ಕೈ ಅವನ ಮುಖಕ್ಕೆ ಒಂದು ಮೊಳ ದೂರದಲ್ಲಿತ್ತು.  ಅವನ ಬಲ ಮೊಣಕಾಲಿಗೆ ಕೈ ಚಾಚಿ ಒತ್ತಿದೆ. ಅವನು ತಕ್ಷಣ ಬಲಕ್ಕೆ ತಿರುಗಿ ಬಗ್ಗಿದ. ಅಲ್ಲಿಂದ ಮುಂದೆ ಮೆರವಣಿಗೆ ಮುಗಿಯುವವರೆಗೆ ನಾನು ಎರಡು ಮೊಣಕಾಲನ್ನೂ ಒತ್ತುತ್ತ ಹೋದೆ. ಅವನು ಯಾಕೆ ಎಂದು ಕೇಳಲಿಲ್ಲ. ಎಷ್ಟು ಗಂಭೀರ, ಎಷ್ಟು ವಿನಯ ಎಂದು ಜನ ಹೊಗಳಿದರು.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಎಡಗಣ್ಣು ತೆಗೆದರು. ಬಲಗಣ್ಣಿಗೆ ಹನಿ ಹಾಕಿದರು, ಪಟ್ಟಿ ಕಟ್ಟಿದರು. ಒಂದು ವಾರ ಮುಂಚೆ ಬಂದಿದ್ದರೂ ನೋಡಬಹುದಿತ್ತು ಎಂದರಂತೆ. ಒಂದು ವಾರ ಎಂಬುದನ್ನು ಅವ್ವ ನಮ್ಮೆಲ್ಲರ ಮುಂದೆ ಹೇಳಿದಾಗ ನಾನು ಕಣಜದ ಹಿಂದೆ ಹೋಗಿ ನಿಂತೆ. ಮುಂದಿನ ಯುಗಾದಿಯ ಹೊತ್ತಿಗೆ ಚಿಕ್ಕಪ್ಪ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತಿದ್ದ. ಮುಚ್ಚಿಡುವುದು ಇನ್ನು ಸಾಧ್ಯವಿರಲಿಲ್ಲ. ಆಗ ಅಪ್ಪಯ್ಯ ಮತ್ತು ಅವರ ಸಂಗಡದವರು ಕತೆಯನ್ನೇ ತಿರುಗಿಸಿದರು. ಆ ಬಿಳಿಯನು ಉಗುರಿಗೆ ವಿಷ ಹಚ್ಚಿಕೊಂಡು ಬಂದಿದ್ದ, ದೇಶಕ್ಕಾಗಿ ನಮ್ಮವನು ಎರಡೂ ಕಣ್ಣು ಕೊಟ್ಟ ಎಂದು ಭಾಷಣ ಮಾಡಿದರು. ಮುಚ್ಚಿಟ್ಟ ಕಣ್ಣೇ ತೋರಿಸುವ ಕಣ್ಣಾಯಿತು. ನಾಲ್ಕಾರು ಸಭೆಗಳಲ್ಲಿ ಅವನಿಗೆ ಕಪ್ಪು ಕನ್ನಡಕ ಹಾಕಿ ಕುರ್ಚಿಯ ಮೇಲೆ ಕೂರಿಸಿದರು. ಆಮೇಲೆ ಜನಕ್ಕೆ ಬೇರೆ ಹೆಸರುಗಳು ಸಿಕ್ಕವು, ಕರೆಯಲು ಯಾರೂ ಬರದಾದರು. ಕರವಸ್ತ್ರ ಕೊಟ್ಟ ಆ ಸೋಲ್ಜರನಿಗೆ ತನ್ನ ಮೇಲೆ ಬಂದ ಅಪವಾದ ಗೊತ್ತಾಗಲೇ ಇಲ್ಲ. ಉಸ್ತಾದರು ಒಂದು ಸಲ ಸಿರಾದಿಂದ ನಡೆದೇ ಬಂದು, ಶಿಷ್ಯನ ಪಕ್ಕ ಇಡೀ ಮಧ್ಯಾಹ್ನ ಸುಮ್ಮನೆ ಕೂತು, ಅಪ್ಪಯ್ಯನ ಜೊತೆ ಮಾತಾಡದೆ ಹೋದರು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವ್ವ ನನ್ನ ಮುಂದೆ ಲೋಟದ ತುಂಬ ಹಾಲು ತಂದಿಟ್ಟಳು. ಚಿಕ್ಕಪ್ಪ ತನಗೆ ಇನ್ನು ಬೇಡ ಎಂದಿದ್ದನಂತೆ. ನಾನು ಅದನ್ನು ಮುಟ್ಟಲಿಲ್ಲ. ಅವ್ವ ಬೈಯಲಿಲ್ಲ, ಕೆನೆ ಕಟ್ಟುವವರೆಗೂ ಅದನ್ನು ಅಲ್ಲೇ ಬಿಟ್ಟಳು.

ಮುಂದಿನ ವರ್ಷಗಳಲ್ಲಿ ನಾನು ಮದುವೆಯಾಗಿ ಬರಗೂರಿನ ಕಡೆ ಹೋದೆ. ಇಲ್ಲ ಎಂದ ಆ ಮಾತು ನನ್ನ ಹಿಂದೆಯೇ ಬಂತು. ಹೊಸ ಮನೆಯಲ್ಲಿ ಯಾರಾದರೂ “ನೋಡು” ಎಂದರೆ ಎರಡೆರಡು ಸಲ ನೋಡಿ ಹೇಳುತ್ತಿದ್ದೆ. ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ದೇಶ ಸ್ವತಂತ್ರವಾಯಿತು. ಆ ದಿನ ಬೆಳಿಗ್ಗೆ ಬಾವುಟ ಏರಿಸುವುದನ್ನು ನೋಡಲು ಬೀದಿಗೆ ಬೀದಿಯೇ ಹೋಯಿತು. ಅಪ್ಪಯ್ಯ ವೇದಿಕೆಯ ಮೇಲೆ ಕೂರುವವರು, ಹೊಸ ಖಾದಿ ಜುಬ್ಬ ಹಾಕಿಕೊಂಡು ಮುಂಚೆಯೇ ಹೊರಟಿದ್ದರು. ಅವ್ವನೂ ಹೋದಳು. ತುಂಬು ಬಸುರಿ ಜನರ ನಡುವೆ ಹೋಗುವುದು ಬೇಡವೆಂದು ನನ್ನನ್ನು ಬಿಟ್ಟರು. ಚಿಕ್ಕಪ್ಪನನ್ನು ಯಾರೂ ಬಾ ಎನ್ನಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ ಅಷ್ಟೆ. ಅವನು ಪಡಸಾಲೆಯಲ್ಲಿ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಆ ತೋಳು ಸೊರಗಿ ಚರ್ಮ ಜೋತುಬಿದ್ದಿತ್ತು. ಹೊರಗೆ ದೂರದಿಂದ ಜೈಕಾರ ಕೇಳಿಸಿತು. ಇವತ್ತು ಹೇಳದಿದ್ದರೆ ಇನ್ನು ಹೇಳಲಾರೆ ಎನ್ನಿಸಿತು. ಹೆರಿಗೆಯಲ್ಲಿ ಏನಾದರೂ ಆದರೆ ಎಂಬ ಭಯವೂ ಇತ್ತು. ಹೋಗಿ ಅವನ ಮುಂದೆ ಕೂತೆ.

“ಚಿಗಪ್ಪ, ಪಾವಗಡಕ್ಕೆ ಹೋಗೋಕೆ ಮುಂಚೆ ಹಿ‌ತ್ತಿಲಲ್ಲಿ ನನ್ನ ಕೇಳಿದ್ದೆ, ಬಲಗಣ್ಣು ಕೆಂಪಗೈತಾ ಅಂತ. ಕೆಂಪಗೇ ಇತ್ತು ಚಿಗಪ್ಪ. ನಾನು ನೋಡಿದ್ದೆ. ನೋಡಿಯೂ ಇಲ್ಲ ಅಂದೆ.”

ಅವನ ಕೈ ನಿಲ್ಲಲಿಲ್ಲ. ಹಗ್ಗದ ಹುರಿ ಇನ್ನೊಂದು ಗೇಣು ಬೆಳೆಯಿತು.

“ನಂಗೆ ಗೊತ್ತಿತ್ತು ಕಣವ್ವ. ಅವತ್ಗೆ ಎರಡು ದಿನದಿಂದ ಬಿಸಿಲು ಮಂಜುಮಂಜಾಗಿ ಕಾಣ್ತಿತ್ತು. ಡಾಕ್ಟ್ರು ಹೇಳಿದ್ದು ನಂಗೂ ಕೇಳಿಸಿತ್ತಲ್ಲ.”

“ಮತ್ತೆ ನನ್ನ ಯಾಕೆ ಕೇಳ್ದೆ?”

“ನೀನು ಇಲ್ಲ ಅಂತೀಯ ಅಂತ. ನಿಮ್ಮವ್ವ ಅಲ್ಲೇ ಹಾಲು ಕರೀತಿದ್ಲು. ಅವಳ್ನ ಕೇಳಿದ್ರೆ ಹೌದು ಅಂದ್ಬುಡೋಳು, ಅವತ್ತೇ ಬೆಂಗಳೂರಿಗೆ ಎಳ್ಕೊಂಡೋಗೋಳು. ಅದ್ಕೇ ಅವಳ್ನ ಕೇಳ್ಲಿಲ್ಲ.”

 ಅಷ್ಟು ವರ್ಷ ಅಣ್ಣನ ಮಾತಿಗೆ ತಲೆಬಾಗಿದವನು ಎಂದು ನಾವು ಮರುಗಿದ್ದೆವು. ಸಿರಾದಲ್ಲಿ ಉಸ್ತಾದರು ಎರಡು ಸಲ ಕೇಳಿದಾಗ ಸುಮ್ಮನಿದ್ದವನು ಅಣ್ಣನಿಗೆ ಹೆದರಿ ಸುಮ್ಮನಿದ್ದದ್ದಲ್ಲ. ಅವನಿಗೆ ಪಾವಗಡ ಬೇಕಿತ್ತು, ನನಗೆ ಬೇಕಾಗಿದ್ದ ಹಾಗೆಯೇ. ಅದಕ್ಕೆ ಒಂಬತ್ತು ವರ್ಷದ ನನ್ನಿಂದ ಅಪ್ಪಣೆ ಪಡೆದುಕೊಂಡಿದ್ದ. ನನ್ನ ತಪ್ಪು ಹಗುರಾಗಲೆಂದು ಹಾಗೆ ಹೇಳಿದನೋ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಹಗುರ ಮಾಡುವವನ ದನಿ ಅದಾಗಿರಲಿಲ್ಲ.

ಮತ್ತೆ ಜೈಕಾರ ಎದ್ದಿತು, ಈ ಸಲ ಇನ್ನೂ ಜೋರಾಗಿ. ಬಾವುಟ ಏರಿರಬೇಕು. ಅವನ ಕೈ ಆಗ ನಿಂತಿತು. ಮುಖವನ್ನು ಬೀದಿಯ ಕಡೆ ತಿರುಗಿಸಿ, ಕತ್ತು ಸ್ವಲ್ಪ ಚಾಚಿ ಕೇಳಿಸಿಕೊಂಡ. ಎಷ್ಟೋ ವರ್ಷದಿಂದ ನಾನು ಕಾಣದ ನಗು ಅವನ ತುಟಿಯಲ್ಲಿತ್ತು.

“ಪಾವಗಡದಾಗೆ ಇನ್ನೂ ಜಾಸ್ತಿ ಜನ ಇದ್ರು ಅಲ್ವೇನವ್ವ?” ಎಂದ.

ಆ ಹೊತ್ತು ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಜೀವನದಲ್ಲಿ ಯಾರ ಮೇಲೂ ಬಂದಿಲ್ಲ. ಅವನ ಕೈ ಹಿಡಿದುಕೊಂಡು ಜೋರಾಗಿ ಅತ್ತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅಳಬೇಡ ಎನ್ನುವವರೂ ಇರಲಿಲ್ಲ. ಅವನು ನನ್ನ ಅಳುವನ್ನು ಕೇಳುತ್ತಿದ್ದನೋ ಆ ಜೈಕಾರವನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ.